ಬಿಳಿ ದಾರದ ಪೊಟ್ಟಣ

ಬೆಕ್ಕು ಎರಡನೆಯ ತಟ್ಟೆಗೂ ಬಾಯಿ ಹಾಕಿತು.

ಡಾಕ್ಟರ್ ನಜೀಮಾ ಕುರ್ಚಿಯಿಂದ ಅರ್ಧ ಎದ್ದವರು ಹಾಗೆಯೇ ನಿಂತರು. ಸಬ್ ಇನ್ಸ್‌ಪೆಕ್ಟರ್ ಭಗವಂತರಾಯ ಮೇಜಿನ ಅಂಚು ಹಿಡಿದು ನೋಡುತ್ತಿದ್ದ. ಯಾದಗಿರಿ ದವಾಖಾನೆಯ ಆ ಸಣ್ಣ ಕೋಣೆಯಲ್ಲಿ ಬೆಕ್ಕು ನೆಕ್ಕುವ ಸಪ್ಪಳ ಬಿಟ್ಟರೆ ಬೇರೆ ಸದ್ದಿರಲಿಲ್ಲ.

"ಸಾಕು, ಸಾಕು." ಡಾಕ್ಟರ್ ಬೆಕ್ಕನ್ನು ಎತ್ತಿ ಕಿಟಕಿಯಾಚೆ ಬಿಟ್ಟು ಬಂದರು. ತಟ್ಟೆಗಳನ್ನು ತಮ್ಮ ಕಡೆ ಎಳೆದುಕೊಂಡರು. "ನೋಡಿದ್ರಿಲ್ಲ, ರಾಯರೇ?"

ಮೊದಲ ತಟ್ಟೆಯಲ್ಲಿದ್ದದ್ದು ಕೆಂಪು ದಾರ ಸುತ್ತಿದ ಪೊಟ್ಟಣದ ಪುಡಿ. ಜನ ಅದನ್ನು ಗಂಟಲ ಪುಡಿ ಅನ್ನುತ್ತಿದ್ದರು. ಕುತ್ತಿಗೆಯ ಬಾವು ಇಳಿಸುವುದಕ್ಕೆ. ಎರಡನೆಯದು ಬಿಳಿ ದಾರದ್ದು, ಎದೆಯ ಪುಡಿ. ಗುಂಡಿಗೆಗೆ ಬಲ ಬರುವುದಕ್ಕೆ. ಎರಡನ್ನೂ ಮಾರಿದವನು ಸುರಪುರದ ಈಶಪ್ಪ ವೈದ್ಯ. ಎರಡೂ ಸಿಕ್ಕಿದ್ದು ಬೋನಾಳದಲ್ಲಿ, ಸತ್ತ ಶೇಖಮ್ಮನ ಮನೆಯ ಗೋಡೆಯ ಗೂಡಿನಲ್ಲಿ.

"ಕೆಂಪು ದಾರದ್ದು ಏನಂತ ವಾಸನಿ ಮ್ಯಾಲೇ ಗೊತ್ತಾಗಿತ್ತು ನನಗ. ಒಣಗಿಸಿದ ಮಾಂಸ. ಆದರ ಬಿಳಿ ದಾರದ್ದು ಮತ್ತಿ ಮರದ ತೊಗಟಿ ಅಂತ ಹೇಳಿ ಮಾರ್ಯಾನ ಅವಾ. ತೊಗಟಿ ಯಾವ ಬೆಕ್ಕು ತಿಂತದ್ರಿ?"

"ಅಂದ್ರ ಎರಡೂ ಒಂದೇ?"

"ಎರಡೂ ಒಂದೇ. ಎರಡನೇದಕ್ಕ ಒಂಚೂರು ಕಾವಿ ಬಣ್ಣ ಕಲಸ್ಯಾನ. ಅಷ್ಟೇ ಫರಕ್."

ಭಗವಂತರಾಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಇದನ್ನೇ ಹುಡುಕಿಕೊಂಡು ಅವನು ಬೆಳಿಗ್ಗೆ ಬಸ್ಸು ಹತ್ತಿ ಬಂದಿದ್ದ. ಸಿಕ್ಕ ಮೇಲೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಡಾಕ್ಟರ್ ತಮ್ಮ ಗಂಟಲ ಮೇಲೆ ಎರಡು ಬೆರಳಿಟ್ಟು ತೋರಿಸಿದರು. "ಇಲ್ಲೊಂದು ಗ್ರಂಥಿ ಅದ. ಥೈರಾಯ್ಡ್ ಅಂತೀವಿ. ಮನಷ್ಯಾಗೂ ಅದ, ಕುರಿಗೂ ಅದ. ಮೈಯೊಳಗಿನ ಒಲಿ ಉರಸೂದು ಇದರ ಕೆಲಸ. ಇದು ಸೋತರ ಕುತ್ತಿಗಿ ಬಾತುಕೋತದ. ಅಂಥವರಿಗೆ ಕುರಿ ಗಂಟಲಿನ ಇದೇ ಗ್ರಂಥಿ ಒಣಗಿಸಿ, ಪುಡಿ ಮಾಡಿ, ಉಗುರಿನ ತುದಿಗೆ ಹತ್ತೂವಷ್ಟು ಕೊಡತಾರ. ಬಾವು ಇಳೀತದ. ಔಷಧ ಸುಳ್ಳಲ್ಲ, ರಾಯರೇ. ಅಳತಿ ಸುಳ್ಳು."

"ಅಳತಿ ಮೀರಿದ್ರ?"

"ಒಲಿ ಆರೂದೇ ಇಲ್ಲ. ಎಷ್ಟು ಉಂಡರೂ ಮೈ ಕರಗತದ. ಕೈ ನಡಗತಾವ. ಚಳಿಯಾಗ ಬೆವರು. ಎದಿ ಓಡಾಕ ಸುರು ಮಾಡ್ತದ. ಮಲಗಿದಾಗೂ ಓಡತದ, ನಿದ್ದ್ಯಾಗೂ ಓಡತದ. ಎಷ್ಟಂತ ಓಡೀತು?"

"ಶೇಖಮ್ಮಂದು..."

"ಓಡಿ ಓಡಿ ನಿಂತದ. ಎದಿ ಹಾರತದ ಅಂತ ಹೇಳಿದಾಗ ಬಿಳಿ ದಾರದ್ದು ತಗೋ ಅಂದಾನ. ತಗೊಂಡಾಳ. ಇನ್ನಷ್ಟು ಹಾರ್ಯದ. ಇನ್ನಷ್ಟು ತಗೊಂಡಾಳ. ನೀರು ಅಂತ ಹೇಳಿ ಕೈಯಾಗ ಎಣ್ಣಿ ಕೊಟ್ಟಾನ, ಬೆಂಕಿ ಆರಸಾಕ."

"ಹಂಗಾದ್ರ ಸಾಬಣ್ಣ?"

ಸಾಬಣ್ಣ ಶೇಖಮ್ಮನ ಗಂಡ. ಹಾಲಿನಲ್ಲಿ ಮದಗುಣಕಿ ಎಂಬ ದತ್ತೂರಿಯ ವಿಷಬೀಜ ಅರೆದು ಕುಡಿಸಿ ಹೆಂಡತಿಯನ್ನು ಕೊಂದೆನೆಂದು ನಿನ್ನೆ ತಾನಾಗಿಯೇ ಸುರಪುರ ಠಾಣೆಗೆ ಬಂದು ಹೇಳಿ, ಲಾಕಪ್ಪಿನಲ್ಲಿ ಕೂತಿದ್ದ.

"ಮದಗುಣಕಿ ಇಲ್ಲ, ಏನೂ ಇಲ್ಲ. ಆಕಿ ಹೊಟ್ಟ್ಯಾಗ ರೊಟ್ಟಿ, ಪುಂಡಿಪಲ್ಯ ಬಿಟ್ಟರ ಹಾಲೂ ಇರಲಿಲ್ಲ. ಗಂಡ ಸುಳ್ಳು ಹೇಳ್ಯಾನ. ಯಾಕಂತ ನೀವೇ ಕೇಳ್ರಿ."

ಭಗವಂತರಾಯ ಪೊಟ್ಟಣಗಳನ್ನು ಮತ್ತೆ ಕಟ್ಟತೊಡಗಿದ. "ಇವನ್ನ ಕೋರ್ಟಿನ್ಯಾಗ ಇಟ್ಟರ ನಿಲ್ಲೂದಿಲ್ರಿ. ಪೊಟ್ಟಣ ಯಾರು ಬೇಕಾದ್ರೂ ಕಟ್ಟಬಹುದು. ಮನಿಯವರೇ ಪುಡಿ ಬದಲಿ ಮಾಡ್ಯಾರ ಅಂತಾನ ಈಶಪ್ಪ. ಅವನ ಮುದ್ರಿ ಇದ್ದದ್ದು ಒಂದರೆ ಬೇಕು."

ಡಾಕ್ಟರ್ ಮೆಲ್ಲಗೆ ಕೇಳಿದರು.

"ಈ ಪುಡಿ ಹೆಂಡತಿಗೆ ದಿನಾ ಕೊಡತಿದ್ದವರು ಯಾರು?"

"ಮುಂಜಾನಿ ಅವನೇ. ರಾತ್ರಿ ಅವನ ತಾಯಿ."

"ಇದು ಅವನಿಗೆ ಹೇಳಲೇಬೇಕೇನು?"

"ಹೇಳದಿದ್ರ ಗಲ್ಲಿಗೆ ಹೋಗ್ತಾನ್ರಿ."

"ಹೇಳಿದ್ರ?"

ಭಗವಂತರಾಯ ಟೋಪಿ ಹಾಕಿಕೊಂಡು ಎದ್ದ.

•

ಬಸ್ಸು ಶಹಾಪುರದಲ್ಲಿ ನಿಂತಾಗ ಅವನು ಇಳಿದುಬಿಟ್ಟ. ಮಲಗಿದ ಮನುಷ್ಯನಂಥ ಗುಡ್ಡದ ಮೇಲೆ ಬಿಸಿಲು ಏರಿತ್ತು. ಈಶಪ್ಪ ವಾರಕ್ಕೊಮ್ಮೆ ಗಡಿಗೆ ಹಿಡಿದು ಶಹಾಪುರಕ್ಕೆ ಹೋಗುತ್ತಾನೆಂದು ಸುರಪುರದ ಬಜಾರಿನಲ್ಲಿ ಯಾರೋ ಹೇಳಿದ್ದರು. ಡಾಕ್ಟರ್ ಕುರಿಯ ಗಂಟಲು ಎಂದ ಕೂಡಲೇ ಆ ಗಡಿಗೆಯ ಅರ್ಥ ಅವನಿಗೆ ಹೊಳೆದಿತ್ತು.

ಕಟುಕರ ಓಣಿಯ ಮೊದಲ ಅಂಗಡಿ ಮೆಹಬೂಬನದು. ಖಾಕಿ ಕಂಡೊಡನೆ ಮೆಹಬೂಬ ಕತ್ತಿಯನ್ನು ಮೆಲ್ಲಗೆ ಹಲಗೆಯ ಮೇಲಿಟ್ಟು ಎರಡೂ ಕೈ ಕಾಣುವಂತೆ ನಿಂತ. ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆ್ಯಕ್ಷನ್ ಆಗಿ ಎರಡು ಚಳಿಗಾಲ ಕಳೆದಿದ್ದವು. ಆಗಿನ ಹೆದರಿಕೆಗೆ ಅವನ ಕೈಗಳು ಮಾತ್ರ ಇನ್ನೂ ಹಾಗೆಯೇ ಕತ್ತಿ ಬಿಡುತ್ತಿದ್ದವು.

"ಅಂಜಬ್ಯಾಡೋ ಮೆಹಬೂಬಣ್ಣ. ನಿನ್ನ ಮ್ಯಾಲೆ ಏನೂ ಇಲ್ಲ. ಈಶಪ್ಪ ವೈದ್ಯ ನಿನ್ನ ಕಡಿಂದ ಏನು ಒಯ್ತಾನ, ಹೇಳು."

"ಮಾಂಸ ಒಯ್ಯಂಗಿಲ್ರಿ ಅಮೀನ ಸಾಬ್ರ. ಗಂಟಲ ಗಡ್ಡಿ ಒಯ್ತಾರ. ಕುರಿದು. ಅದನ್ನ ಯಾರೂ ತಿನ್ನಂಗಿಲ್ಲ, ನಾಯಿಗೆ ಒಗೀತಿದ್ವಿ. ಒಗೀಬ್ಯಾಡ, ತೆಗೆದಿಡು ಅಂದ್ರು."

"ಯಾತಕ್ಕಂತ ಕೇಳಲಿಲ್ಲ?"

"ಕೇಳೀನ್ರಿ. 'ಹೈದರಾಬಾದದಾಗ ದೊಡ್ಡ ದವಾಖಾನ್ಯಾಗ ಕಂಪೌಂಡರ್ ಇದ್ದೆ, ಇದರ ಗುಟ್ಟು ನನಗೊಬ್ಬಗೇ ಗೊತ್ತು' ಅಂದ್ರು. ದವಾ ಅಂದಮ್ಯಾಲೆ ಪುಣ್ಯದ ಕೆಲಸ, ನಾ ಯಾಕ ಅಡ್ಡ ಬರ್ಲಿ ಅಂತ ಸುಮ್ನಾದೆ." ಮೆಹಬೂಬ ಭಗವಂತರಾಯನ ಮುಖವನ್ನೇ ನೋಡಿದ. "ಯಾರಿಗರೆ ಏನರೆ ಆತೇನ್ರಿ?"

"ಬೋನಾಳದ ಸಾಬಣ್ಣನ ಹೆಂಡತಿ ತೀರಿಕೊಂಡಾಳ."

"ಕುರಿ ಸಾಬಣ್ಣ? ಅವನ ಹೆಂಡತಿ?" ಮೆಹಬೂಬ ಹಲಗೆಯ ಅಂಚಿಗೆ ಕೂತುಬಿಟ್ಟ. "ಈ ವರ್ಷ ಅವನೇ ನನಗ ಕುರಿ ಕೊಡಾಕತ್ತಿದ್ದ, ಸಾಬ್ರ. ಹಿಂಡಿನಾಗಿಂದ ಒಂದೊಂದೇ ಹೊಡಕೊಂಡು ಬರತಿದ್ದ. ಯಾಕೋ ತಮ್ಮ, ಹಿಂಡು ಖಾಲಿ ಮಾಡ್ತೀ ಅಂದ್ರ, 'ಹೆಂಡತಿ ಔಷಧಕ್ಕ, ಕಾಕಾ' ಅಂತಿದ್ದ. ನಗನಗತ ಹೇಳತಿದ್ದ. ಆಮ್ಯಾಲೆ ಆ ಕುರಿ ಗಂಟಲ..."

ಅವನು ಮಾತು ಮುಗಿಸಲಿಲ್ಲ. ಮುಗಿಸುವುದು ಭಗವಂತರಾಯನಿಗೂ ಬೇಕಿರಲಿಲ್ಲ.

"ಈಶಪ್ಪ ಈಗ ಎಲ್ಲಿ?"

"ಮೊನ್ನಿ ಸಂಜಿಗೆ ಬಂದಿದ್ರು. ಯಾರರೆ ಕೇಳಿದ್ರ ನನಗ ಏನೂ ಕೊಟ್ಟಿಲ್ಲ ಅನ್ನು ಅಂದ್ರು. ನನ್ನ ಕೈಲೆ ಅದು ಆಗೂದಿಲ್ರಿ. ಹೋಗುವಾಗ ತಮ್ಮಷ್ಟಕ್ಕ ತಾವೇ ಏನೋ ಅಂದ್ಕೊಂಡು ಹ್ವಾದ್ರು. 'ಒಂದು ಡಬ್ಬಿ ಹೊರಗ ಉಳದದ, ಅದೊಂದು ಇಲ್ಲದಂಗಾದ್ರ ಸಾಕು' ಅಂತ."

"ಡಬ್ಬಿ? ಯಾರ ಮನ್ಯಾಗ?"

"ಅದು ಗೊತ್ತಿಲ್ರಿ."

ಭಗವಂತರಾಯ ಬೋನಾಳದ ಆ ಮನೆಯನ್ನು ಮೂಲೆಮೂಲೆ ಶೋಧಿಸಿದ್ದ. ಪೊಟ್ಟಣಗಳಿದ್ದವು. ಡಬ್ಬಿ ಇರಲಿಲ್ಲ.

•

ಸುರಪುರ ಠಾಣೆಯ ಮೆಟ್ಟಿಲ ಮೇಲೆ ದಫೇದಾರ ಅಯ್ಯಣ್ಣ ಕಾಯುತ್ತಿದ್ದ.

"ನಿನ್ನಿಯಿಂದ ರೊಟ್ಟಿ ಮುಟ್ಟಿಲ್ರಿ. ನೀರು ಕೊಟ್ರ ಕುಡೀತಾನ, ಅಷ್ಟೇ. ಯಾವಾಗ ಗಲ್ಲಿಗೆ ಹಾಕ್ತಾರಂತ ಕೇಳ್ತಾನ."

"ಹೊರಗ ಕರಕೊಂಡು ಬಾ. ಬೇಡಿ ತೆಗಿ."

ಸಾಬಣ್ಣ ಕಂಬಳಿ ಹೊದ್ದುಕೊಂಡೇ ಬಂದು ಗೋಡೆಗೆ ಒರಗಿ ಕೂತ. ಉದ್ದನೆಯ ಆಳು. ಮೂವತ್ತು ದಾಟಿರಲಿಕ್ಕಿಲ್ಲ. ಬಿಸಿಲಲ್ಲಿ ಕುರಿ ಕಾಯ್ದು ಕಣ್ಣಿನ ಸುತ್ತ ಆಗಲೇ ಗೆರೆ ಮೂಡಿದ್ದವು.

ಭಗವಂತರಾಯ ಅವನೆದುರು ನೆಲದ ಮೇಲೆಯೇ ಕೂತ.

"ಮದಗುಣಕಿ ಎಲ್ಲಿ ಕಿತ್ತಿ?"

"ಹಳ್ಳದ ದಂಡಿಗಿ."

"ಯಾತರಾಗ ಹಾಕಿ ಕೊಟ್ಟಿ?"

"ಹಾಲಿನ್ಯಾಗ್ರಿ. ನಿನ್ನಿನೇ ಹೇಳೀನಲ್ರಿ."

"ಕುಡದ ಮ್ಯಾಲೆ ಏನು ಮಾಡಿದಳು?"

ಸಾಬಣ್ಣ ತಡೆದ. "ವಾಂತಿ ಮಾಡ್ಕೊಂಡಳು. ಬಾಯಾಗ ನೊರಿ ಬಂತು. ಸತ್ತಳು."

"ವಾಂತಿನೂ ಇಲ್ಲ, ನೊರಿನೂ ಇಲ್ಲ. ಆಕಿ ಅವತ್ತು ಹಾಲು ಕುಡದೇ ಇಲ್ಲ. ಕೊಡ ಹೊತ್ಕೊಂಡು ಬಂದು, 'ಅತ್ತಿ, ಇಳಸ ಬಾ' ಅಂತ ಕರದು, ಎದಿ ಹಿಡ್ಕೊಂಡು ಹೊಸ್ತಿಲದಾಗ ಕುಂತಳು. ಆಗ ನೀ ಮನ್ಯಾಗ ಇರಲಿಲ್ಲ. ಕೆರಿ ದಂಡ್ಯಾಗ ಕುರಿ ಹಿಂದ ಇದ್ದಿ. ಯಾರನ್ನ ಉಳಸಾಕತ್ತೀ, ಸಾಬಣ್ಣ?"

ಸಾಬಣ್ಣ ತಲೆ ತಗ್ಗಿಸಿದ.

"ನಿಮ್ಮವ್ವನ್ನ?"

ಸಾಬಣ್ಣ ಥಟ್ಟನೆ ತಲೆಯೆತ್ತಿದ. "ಅವ್ವನ ಹೆಸರು ತರಬ್ಯಾಡ್ರಿ ಸಾಹೇಬ್ರ. ನಾ ಹೇಳೀನಲ್ಲ, ನಾನೇ ಅಂತ. ಬರಕೊಳ್ರಿ, ಮುಗಸ್ರಿ."

"ನಿಮ್ಮವ್ವ ಏನು ಮಾಡೋದು ನೋಡಿದಿ?"

ಅವನು ಮತ್ತೆ ನೆಲ ನೋಡಿದ. ಆಮೇಲೆ ಮಾತು ಒಮ್ಮೆಲೇ ಬಂತು.

"ರಾತ್ರಿ ಅವ್ವ ಆಕಿಗೆ ಹಾಲಿನ್ಯಾಗ ಏನೋ ಕಲಸಿ ಕೊಡತಿದ್ದಳ್ರಿ. ಗಪ್ಪಗೆ. ನಾ ನೋಡಿದ್ರ ಸೆರಗಿನ್ಯಾಗ ಮುಚ್ಚತಿದ್ದಳು. ಹ್ವಾದ ವರ್ಷ ಸಿಟ್ಟಿನ್ಯಾಗ ಅಂದಿದ್ದಳು, 'ಮಕ್ಕಳಿಲ್ಲ, ಮರಿ ಇಲ್ಲ, ಈ ಬಾತ ಕುತ್ತಿಗಿ ಕಟ್ಕೊಂಡು ಏನು ಮಾಡ್ತಿ, ಇನ್ನೊಬ್ಬಾಕೀನ ತಾ' ಅಂತ. ಒಂದೇ ಸಲ ಅಂದಿದ್ದಳು. ಆಕಿಯ ಅಣ್ಣ ಬಂದು 'ನನ್ನ ತಂಗಿಗೆ ವಿಷ ಹಾಕ್ಯಾರ' ಅಂತ ಎದಿ ಬಡ್ಕೊಂಡಾಗ ನನಗ ಅದೇ ಮಾತು ಕಿವ್ಯಾಗ ಬಂತು. ಹೆಂಡತಿ ಹ್ವಾದಳು. ಅವ್ವನೂ ಗಲ್ಲಿಗೆ ಹ್ವಾದ್ರ ನಾ ಯಾರ ಮುಂದ ಕುಂತು ಉಣ್ಣಲಿ?"

"ನಿಮ್ಮವ್ವ ಕಲಸಿದ್ದು ಎದಿ ಪುಡಿ," ಭಗವಂತರಾಯ ಹೇಳಿದ. "ಬಿಳಿ ದಾರದ್ದು. ನಾ ಆಕೀನ ಕೇಳೀನಿ. ನೀ ಹೇಳಿದ್ದಕ್ಕಿಂತ ಒಂಚೂರು ಹೆಚ್ಚು ಹಾಕತಿದ್ದಳು. ಕೂಸು ಶೇಖಮ್ಮನ ಎದಿ ಹಾರತೈತಿ, ನೋಡಾಕ ಆಗೂದಿಲ್ಲ ಅಂತ. ಪುಡಿ ಲಗೂನ ಖರ್ಚಾಗತೈತಿ ಅಂತ ನೀ ಬೈತಿ ಅಂತ ಮುಚ್ಚಿ ಕೊಡತಿದ್ದಳು."

ಸಾಬಣ್ಣನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಅವನ ಮುಖ ಅರಳಿತು. ಹೆಂಡತಿಯನ್ನು ಮಣ್ಣಿಗೆ ಕೊಟ್ಟು ಬಂದವನ ಮುಖ ಹಾಗೆ ಅರಳುವುದನ್ನು ಭಗವಂತರಾಯ ಎಂದೂ ಕಂಡಿರಲಿಲ್ಲ.

"ಅವ್ವ ಕೊಂದಿಲ್ಲ?"

"ಇಲ್ಲ."

"ಔಷಧ ಕೊಡತಿದ್ದಳು!" ಅವನು ಅಯ್ಯಣ್ಣನ ಕಡೆ ತಿರುಗಿ ಹೇಳಿದ. "ದಫೇದಾರ್ರ, ಕೇಳಿದ್ರಿ? ನಮ್ಮವ್ವ ಔಷಧ ಕೊಡತಿದ್ದಳಂತ. ನಾ ಎಂಥಾ ಪಾಪಿ, ಹಡದಾಕಿ ಮ್ಯಾಲೆ..."

ಅಲ್ಲಿಗೇ ನಿಲ್ಲಿಸಿಬಿಡಬಹುದಿತ್ತು. ಅವನ ತಪ್ಪೊಪ್ಪಿಗೆಯ ಕಾಗದ ಹರಿದು, ಮನೆಗೆ ಹೋಗು ಎಂದು ಕಳಿಸಬಹುದಿತ್ತು. ಆದರೆ ಈಶಪ್ಪನ ಪುಡಿ ಇನ್ನೂ ಎಷ್ಟು ಗೂಡುಗಳಲ್ಲಿತ್ತೋ. ಅವನ ಕೈಯಿಂದಲೇ ಕೊಂಡದ್ದೆಂದು ಹೇಳಬಲ್ಲ ಸಾಕ್ಷಿ ಇವನೊಬ್ಬನೇ.

"ಸಾಬಣ್ಣ, ಆ ಪುಡಿ ಸುರು ಮಾಡಿದ ಮ್ಯಾಲೆ ಶೇಖಮ್ಮ ಹ್ಯಾಂಗಿದ್ದಳು? ಇದ್ದದ್ದು ಇದ್ದಂಗ ಹೇಳು."

ಸಾಬಣ್ಣ ಗೋಡೆ ಬಿಟ್ಟು ಮುಂದೆ ಬಾಗಿದ. ಹೆಂಡತಿಯ ಮಾತು ಎಂದರೆ ಅವನಿಗೆ ಹೇಳಬೇಕು ಅನ್ನಿಸಿತು.

"ಮದವಿಯಾದಾಗಿಂದ ಆಕಿ ಬಾವಿಗೆ ಹೋಗತಿರಲಿಲ್ರಿ. ಹೆಣ್ಣುಮಕ್ಕಳು ಆಡ್ಕೋತಾರ ಅಂತ. ನಸುಕಿನ್ಯಾಗ ಒಬ್ಬಾಕಿನೇ ಕೆರಿಗೆ ಹೋಗಿ ತರತಿದ್ದಳು. ಪುಡಿ ತಗೊಂಡ ಮ್ಯಾಲೆ ಬಾವು ಕರಗಾಕತ್ತು. ದಿನಾ ಮುಂಜಾನಿ ಗಂಟಲ ಮುಟ್ಟಿಸಿ ಕೇಳತಿದ್ದಳು, 'ಇಳದೈತೇನ್ರಿ, ಇಳದೈತೇನ್ರಿ' ಅಂತ. ಒಂದಿನ ಸೆರಗು ಹೆಗಲ ಮ್ಯಾಲೆ ಒಗದ್ಕೊಂಡು, ಕುತ್ತಿಗಿ ಬಿಟ್ಕೊಂಡು, ಹಾಡಹಗಲ ಬಾವಿಗೆ ಹ್ವಾದಳು. ನಾ ಹಿಂದಿಂದ ನೋಡಿದೆ. ರಾಣಿ ಹ್ವಾದಂಗ ಹ್ವಾದಳ್ರಿ."

"ಊಟ?"

"ಏನು ಊಟ ಅಂತೀರಿ! ನನಕಿಂತ ಹೆಚ್ಚು ಉಣ್ಣತಿದ್ದಳು. ಆದ್ರೂ ತೆಳ್ಳಗಾದಳು. ಬಳಿ ಜಾರತಾವ ಅಂತ ದಾರ ಸುತ್ಕೊಂಡಿದ್ದಳು. ಚಳಿಯಾಗ ಕಂಬಳಿ ಬ್ಯಾಡ ಅಂತ ಅಂಗಳದಾಗ ಮಲಗತಿದ್ದಳು. ವೈದ್ಯರನ್ನ ಕೇಳಿದ್ರ, 'ಕೆಟ್ಟ ನೀರು ಹೊರಗ ಹೋಗಾಕತ್ತದ, ಖುಷಿ ಪಡು' ಅಂದ್ರು."

"ಕೈ?"

"ಕೈ ಸ್ವಲ್ಪ ನಡಗತಿದ್ವು. ರೊಟ್ಟಿ ಬಡಿಯಾಕ ಆಗವಲ್ದು ಅಂತ ನಗತಿದ್ದಳು." ಸಾಬಣ್ಣನ ದನಿ ಇಳಿಯಿತು. "ಎದಿ ಹಾರತೈತಿ ಅಂತ ರಾತ್ರಿ ನನ್ನ ಕೈ ತಗೊಂಡು ಎದಿ ಮ್ಯಾಲೆ ಇಟ್ಕೋತಿದ್ದಳು. ಮರಿ ಹಿಡದಾಗ ಅದರ ಎದಿ ಹಾರಂಗಿಲ್ಲೇನ್ರಿ, ಹಂಗ. ಅದಕ್ಕ ಬಿಳಿ ದಾರದ್ದು ಹೆಚ್ಚು ಮಾಡ್ರಿ ಅಂದ್ರು ವೈದ್ಯರು. ಮಾಡಿದ್ವಿ."

ಅಯ್ಯಣ್ಣ ಬಾಗಿಲ ಕಡೆ ಮುಖ ತಿರುಗಿಸಿಕೊಂಡ.

ಭಗವಂತರಾಯ ಹೇಳಿದ. ಬೆಕ್ಕಿನಿಂದ ಶುರುಮಾಡಿ, ಕುರಿಯ ಗಂಟಲು, ಉಗುರಿನ ತುದಿಯ ಅಳತೆ, ಎರಡೂ ಪೊಟ್ಟಣದಲ್ಲಿದ್ದ ಒಂದೇ ಪುಡಿ, ಎಲ್ಲ ಹೇಳಿದ. ಮೆದುವಾಗಿ ಹೇಳುವ ದಾರಿ ಹುಡುಕಿದ. ಅಂಥ ದಾರಿ ಇರಲಿಲ್ಲ.

ಸಾಬಣ್ಣ ಕೊನೆಯತನಕ ಕೇಳಿದ. ಅಳಲಿಲ್ಲ. ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದ.

"ಈ ಕೈಲೆ ಬಾಯಿಗೆ ಹಾಕತಿದ್ದೆ. ಕಹಿ ಅಂತ ಮುಖ ಕಿವುಚತಿದ್ದಳು. ಬೆಲ್ಲ ಇಟ್ಟು ತಿನಸತಿದ್ದೆ."

"ನಿನಗ ಗೊತ್ತಿರಲಿಲ್ಲ."

"ಕುರಿ ಗಂಟಲಂದ್ರಿ. ಎಲ್ಲಿ ಕುರಿ? ಯಾರ ಕುರಿ?"

ಭಗವಂತರಾಯ ಕಣ್ಣು ತಪ್ಪಿಸಿದ. ಸಾಬಣ್ಣ ಅವನ ಮುಖದಲ್ಲೇ ಉತ್ತರ ಓದಿದ.

"ಶಹಾಪುರದ ಮೆಹಬೂಬ ಕಾಕಾ..." ಎಂದ. ಅಷ್ಟೇ. ಗಂಟಲಿನಿಂದ ಒಂದು ಸದ್ದು ಬಂತು. ಅದು ಅಳುವಲ್ಲ. ಏಟು ತಿಂದ ಪ್ರಾಣಿ ಹಾಗೆ ಸದ್ದು ಮಾಡುತ್ತದೆ.

ಆಮೇಲೆ ಅವನು ಕೇಳಿದ:

"ನಾನೇ ಕೊಂದೀನಿ ಅಂತ ನಿನ್ನೆ ಸುಳ್ಳು ಹೇಳಿದೆ. ಅದು ಖರೇನೇ ಆತಲ್ಲೇನ್ರಿ, ಸಾಹೇಬ್ರ?"

"ಸುಳ್ಳೇ. ನೀ ಕೊಟ್ಟಿದ್ದು ಔಷಧ. ಅವಾ ಮಾರಿದ್ದು ಸಾವು. ಎರಡೂ ಒಂದೇ ಅಲ್ಲ."

"ನನಗ ಒಂದೇ ಅದಾವ್ರಿ." ಸಾಬಣ್ಣ ಕಂಬಳಿ ಎಳೆದುಕೊಂಡ. "ವಿಷ ಹಾಕೀನಿ ಅಂದಾಗ ಇಷ್ಟು ಭಾರ ಇರಲಿಲ್ಲ. ಮತ್ತ ಒಳಗ ಹಾಕ್ರಿ ನನ್ನ."

ಭಗವಂತರಾಯ ಅವನ ಮೊಣಕಾಲ ಮೇಲೆ ಕೈಯಿಟ್ಟ. ಇಪ್ಪತ್ತು ವರ್ಷದ ನೌಕರಿಯಲ್ಲಿ, ನಿಜಾಮನ ಕಾಲದಲ್ಲಾಗಲಿ ಈಗಾಗಲಿ, ಯಾವ ಕೈದಿಯನ್ನೂ ಅವನು ಹಾಗೆ ಮುಟ್ಟಿರಲಿಲ್ಲ.

"ಒಳಗ ಹಾಕಬೇಕಾದವ ಈಶಪ್ಪ. ನೀ ಸಹಾಯ ಮಾಡಿದ್ರ ಹಾಕತೀನಿ. ಅವನ ಮುದ್ರಿ ಇರೋ ಡಬ್ಬಿ ನೀ ಯಾವಾಗರೆ ತಂದಿದ್ದಿಯೇನು?"

"ತಂದೀನ್ರಿ. ಪೊಟ್ಟಣ ಸಾಲವಲ್ವು ಅಂದಾಗ ಡಬ್ಬಿನೇ ಕೊಟ್ಟಿದ್ರು. ಎದಿ ಪುಡಿದು. ಅರಗಿನ ಮುದ್ರಿ ಒತ್ತಿ, ಮ್ಯಾಲೆ ತಮ್ಮ ಹೆಸರು ಬರದಾರ. ಇಲಿ ಮುಟ್ಟಬಾರದಂತ ಹಟ್ಟ್ಯಾಗಿನ ಕಂಬಳಿ ಉಣ್ಣಿ ಗಂಟಿನ್ಯಾಗ ಸುತ್ತಿಟ್ಟಿದ್ದೆ."

"ಇನ್ನೂ ಅಲ್ಲೇ ಐತೇನು?"

ಸಾಬಣ್ಣ ಗೋಡೆ ಹಿಡಿದು ಎದ್ದು ನಿಂತ.

"ಅವ್ವನ ಕೈಯಾಗ ಕೊಟ್ಟು ಬಂದೀನ್ರಿ."

"ಯಾಕ?"

"ಶೇಖಮ್ಮ ಹ್ವಾದಾಗಿಂದ ಅವ್ವನ ಎದಿ ಹಾರಾಕತ್ತೈತಿ. ನಿನ್ನೆ ಇಲ್ಲಿಗೆ ಬರುವಾಗ ಗಂಟಿನ್ಯಾಗಿಂದ ತಗದು ಕೈಯಾಗ ಇಟ್ಟೆ. 'ನಾ ಬರ್ಲಿ ಬಿಡ್ಲಿ, ಮೂರೂ ಹೊತ್ತು ತಗೋ ಅವ್ವ, ಬಿಡಬ್ಯಾಡ' ಅಂತ ಆಣಿ ಹಾಕಿಸ್ಕೊಂಡು ಬಂದೀನಿ. ವಯಸಾದ ಜೀವ ಸಾಹೇಬ್ರ, ತಡಕೊಳ್ಳೂದಿಲ್ಲ. ಸಾಹೇಬ್ರ..."

"ಅಯ್ಯಣ್ಣ!" ಭಗವಂತರಾಯ ಆಗಲೇ ಮೆಟ್ಟಿಲಿಳಿಯುತ್ತಿದ್ದ. "ಟಾಂಗಾ!"

•

ಬೋನಾಳದ ದಾರಿಯುದ್ದಕ್ಕೂ ಸಾಬಣ್ಣ ಕೂರಲಿಲ್ಲ. ಟಾಂಗಾದ ಕಂಬಿ ಹಿಡಿದು ನಿಂತೇ ಇದ್ದ. ಕುದುರೆ ಬಾಯಲ್ಲಿ ನೊರೆ ಸುರಿಸುತ್ತಿತ್ತು. ಕೆರೆಯ ಏರಿ ಬಂತು. ಚಳಿಗಾಲಕ್ಕೆ ಬಂದ ಹಕ್ಕಿಗಳು ಗಾಲಿಯ ಸದ್ದಿಗೆ ಗುಂಪಾಗಿ ಎದ್ದು ನೀರಿನ ಆಚೆ ಬದಿಗೆ ಹೋಗಿ ಕೂತವು.

ಏರಿ ಇಳಿದ ಕೂಡಲೇ ಅವನ ಹೊಲ. ಹೊಲದ ಬದುವಿನಲ್ಲಿ ಹೊಸ ಮಣ್ಣಿನ ಗುಡ್ಡೆ, ಮೇಲೆ ಜಾಲಿಮುಳ್ಳು ಹೊದಿಸಿದ್ದರು. ಸಾಬಣ್ಣ ಆ ಕಡೆ ನೋಡಲಿಲ್ಲ. ಟಾಂಗಾ ಅದನ್ನು ದಾಟುವತನಕ ಕಣ್ಣು ಮುಚ್ಚಿಕೊಂಡಿದ್ದ.

ಮನೆಯ ಬಾಗಿಲು ತೆರೆದಿತ್ತು. ಒಳಗೆ ದೀಪವಿಲ್ಲ, ಒಲೆಯಲ್ಲಿ ಹೊಗೆಯಿಲ್ಲ.

"ಅವ್ವ!"

ಉತ್ತರವಿಲ್ಲ.

"ಅವ್ವ! ಎಲ್ಲಿ ಅದೀ?"

"ಇಲ್ಲೇ ಅದೀನಲ್ಲೋ." ದನಿ ಹಟ್ಟಿಯ ಕಡೆಯಿಂದ ಬಂತು.

ಭೀಮವ್ವ ಅರೆಬರಿದಾದ ಕುರಿಹಟ್ಟಿಯ ಬಾಗಿಲಲ್ಲಿ ಕೂತಿದ್ದಳು. ಉಳಿದ ನಾಲ್ಕೈದು ಕುರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ಮಗನನ್ನು ಕಂಡು ಎದ್ದು ನಿಲ್ಲಲು ಹೋಗಿ ಮತ್ತೆ ಕೂತಳು. ಸಾಬಣ್ಣ ಓಡಿಹೋಗಿ ಅವಳೆದುರು ಕುಸಿದ.

"ಬಿಟ್ರೇನೋ ಮಗನ ನಿನ್ನ? ಹೊಡದ್ರೇನು? ಎಲ್ಲಿ, ಮಾರಿ ತೋರಸು."

"ಪುಡಿ ತಗೊಂಡೀ? ಅವ್ವ, ಆ ಡಬ್ಬ್ಯಾಗಿನ ಪುಡಿ ತಗೊಂಡೀ?"

ಭೀಮವ್ವ ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ಸಿಟ್ಟಾಗಬ್ಯಾಡೋ. ಆಣಿ ಮುರದೀನಿ. ತಗೊಂಡಿಲ್ಲ. ಆಕಿ ಎದಿನೇ ಉಳೀಲಿಲ್ಲ, ಈ ಮುದುಕಿ ಎದಿ ಉಳಿಸಿ ಏನು ಮಾಡೂದೈತಿ?"

ಸಾಬಣ್ಣ ತಾಯಿಯ ಮಡಿಲಲ್ಲಿ ಮುಖ ಹುದುಗಿಸಿದ. ಠಾಣೆಯಲ್ಲಿ ಬರದಿದ್ದ ಅಳು ಈಗ ಬಂತು. ಅವಳು ಅವನ ಬೆನ್ನು ಸವರುತ್ತ, ಏನಾಯಿತೆಂದು ತಿಳಿಯದೆ, ಪೊಲೀಸರ ಕಡೆ ನೋಡಿದಳು. ಅಯ್ಯಣ್ಣ ಪೇಟ ತೆಗೆದು ಕಣ್ಣೊರೆಸಿಕೊಂಡ. ಬೆಳಗಿನಿಂದ ಮೊದಲ ಸಲ ಭಗವಂತರಾಯನ ಉಸಿರು ಹಗುರಾಯಿತು.

ಈ ತಾಯಿಗೂ ಹೇಳಬೇಕು. ಇವಳ ಕೈಯ ಹಾಲೂ ಅದೇ ಎಂದು ಹೇಳಬೇಕು. ಇವತ್ತು ಬೇಡ, ಅಂದುಕೊಂಡ. ಇವತ್ತು ಡಬ್ಬಿಯೊಂದು ಸಿಕ್ಕರೆ ಸಾಕು.

ಅವನು ಅವಳ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

"ಯವ್ವಾ, ಆ ಡಬ್ಬಿ ನನಗ ಬೇಕಾಗ್ಯದ. ಎಲ್ಲಿಟ್ಟೀ?"

"ಡಬ್ಬಿ ಇಲ್ಲಪ್ಪ. ಕೊಟ್ಟುಬಿಟ್ಟೆ."

ಸಾಬಣ್ಣನ ಅಳು ಅರ್ಧಕ್ಕೆ ನಿಂತಿತು.

"ಯಾರಿಗೆ?"

"ಮಧ್ಯಾಹ್ನ ಒಂದು ಹೆಣ್ಣುಮಗಳು ಬಂದಿತ್ತು. ನಮ್ಮ ಶೇಖಮ್ಮಗಿಂತ ಸಣ್ಣದು. ಗಂಟಲದಾಗ ನಿಂಬಿಹಣ್ಣಿನಷ್ಟು ಬಾವು. ಈಶಪ್ಪ ವೈದ್ಯರು ಕಳಿಸ್ಯಾರ, ಡಬ್ಬಿ ಇಸ್ಕೊಂಡು ಹೋಗು ಅಂದಾರ ಅಂತು."

"ಈಶಪ್ಪಗ ಒಯ್ದು ಕೊಡತಾಳಂತೇನು?"

"ಇಲ್ಲಪ್ಪ. ಅದರಾಗಿನ ಪುಡಿ ನೀನೇ ತಗೋ, ಖಾಲಿ ಡಬ್ಬಿ ಒಲ್ಯಾಗ ಹಾಕಿಬಿಡು ಅಂದಾರಂತ. ಧರ್ಮಕ್ಕ ಕೊಟ್ಟಾರ, ದೇವರಂಥವರು ಅಂತ ಅಳಾಕತ್ತಿತ್ತು."

ಭಗವಂತರಾಯ ಅಯ್ಯಣ್ಣನ ಕಡೆ ನೋಡಿದ. ಅಯ್ಯಣ್ಣ ಆಗಲೇ ಪೇಟ ಸುತ್ತಿಕೊಳ್ಳುತ್ತಿದ್ದ.

"ಯಾವೂರಾಕಿ, ಯವ್ವಾ? ಹೆಸರೇನಂದಳು? ಯಾವ ಕಡಿ ಹ್ವಾದಳು?"

"ಊರು ಕೇಳಲಿಲ್ಲ. ಹೆಸರೂ ಕೇಳಲಿಲ್ಲ. ಏರಿ ಮ್ಯಾಲಿಂದ ಹ್ವಾತು, ಅಷ್ಟು ನೋಡೀನಿ. ಮದವಿ ಗೊತ್ತಾಗ್ಯದಂತ. ಅಕ್ಕಿಕಾಳು ಬೀಳೂದ್ರಾಗ ಕುತ್ತಿಗಿ ಇಳೀಬೇಕಂತ. ಎಷ್ಟು ತಗೋಬೇಕು ಯವ್ವಾ, ನಿಮ್ಮಾಕಿ ಎಷ್ಟು ತಗೋತಿದ್ದಳು, ಅಂತ ನನ್ನೇ ಕೇಳ್ತು." ಭೀಮವ್ವ ತನ್ನ ಸುಕ್ಕುಗಟ್ಟಿದ ಅಂಗೈಯನ್ನು ಬಿಚ್ಚಿ ಅವರ ಮುಂದೆ ಹಿಡಿದಳು. "ಇಷ್ಟು, ಅಂತ ತೋರಸಿದೆ."

ಸಾಬಣ್ಣ ಆ ಅಂಗೈಯನ್ನು ತನ್ನ ಎರಡೂ ಕೈಯಿಂದ ಮುಚ್ಚಿದ.

"ಆಮ್ಯಾಲೆ ಕರದು ಹೇಳಿ ಕಳಿಸೀನಿ, ಯಪ್ಪಾ," ಎಂದಳು ಭೀಮವ್ವ. "ನಮ್ಮ ಕೂಸಿಗೆ ಕಡಿಮಿ ಬಿದ್ದೇ ಹಿಂಗಾತು, ನೀ ಇದಕ್ಕ ಎರಡರಷ್ಟು ತಗೋ, ಅಂತ."